ಚಿತ್ರ ಹಿಡಿದ ಕೈ, ಸೂಜಿ ಹಿಡಿದ ಕೈ

ಬಿಷ್ಕೆಕ್, ನವೆಂಬರ್ 12

ಪ್ರೀತಿಯ ಅಕ್ಕ, ಬುರುಲ್ಚಾ ಎಜೆ,

ನಿಮ್ಮ ತಿಲೆಕ್‌ನ ಸಲಾಮು. ಫೋನು ಬಿಟ್ಟು ಕಾಗದ ಬರೆದಿದ್ದಾನೆಂದರೆ ಇದು ಕೆಲಸದ ಮಾತೇ ಎಂದು ನಿಮಗೆ ತಿಳಿದಿರುತ್ತದೆ. “ಅರಿವಳಿಕೆ ವಿಷಯ ಬಾಯಲ್ಲಿ ಹೇಳ್ಬೇಡ, ಬರೆದು ಕೊಡು. ಬರೆಯೋವಾಗ್ಲಾದ್ರೂ ಯೋಚ್ನೆ ಮಾಡ್ತೀಯ.” ನರಿನ್‌ನಲ್ಲಿ ನಿಮ್ಮ ಕೈಕೆಳಗೆ ಕಲಿತಷ್ಟು ವರ್ಷವೂ ದಿನಾ ತಿಂದ ಬೈಗುಳ ಇದು. ಇವತ್ತಿಗೂ ನಿಮಗೆ ಬರೆಯಲು ಕೂತರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ವಿಷಯ ಇಷ್ಟು. ಐದು ಆಸ್ಪತ್ರೆಗಳ ಅರಿವಳಿಕೆ ವೈದ್ಯರ ಕೈಗಳನ್ನು ಹೋಲಿಸಿ ನೋಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅಲ್ಟ್ರಾಸೌಂಡಿನಲ್ಲಿ ನರ ನೋಡಿಕೊಂಡು, ಅದರ ಪಕ್ಕಕ್ಕೆ ಸೂಜಿ ತಲುಪಿಸಿ, ಬರೀ ಕೈಯನ್ನೋ ಕಾಲನ್ನೋ ಮರಗಟ್ಟಿಸುವುದರಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ. ನಾನು ಮೈಮೇಲೆ ಒತ್ತಿ ಹಿಡಿಯುವ ಪ್ರೋಬಿನ ಉದ್ದಕ್ಕೇ ಸೂಜಿ ಕಳಿಸುತ್ತೇನೆ, ಇಡೀ ಸೂಜಿ ಗೆರೆಯಾಗಿ ಕಾಣುತ್ತದೆ. ನೀವು ಅಡ್ಡಕ್ಕೆ ಹಾಕುತ್ತೀರಿ. ದಾರಿ ಹತ್ತಿರ, ಆದರೆ ಕಾಣುವುದು ಒಂದು ಚುಕ್ಕೆ ಮಾತ್ರ. ಹೊಸಬರಿಗೆ ಯಾವುದನ್ನು ಕಲಿಸಬೇಕು ಎಂಬುದು ತೀರ್ಮಾನವಾಗಬೇಕು.

ಪರದೆಯ ಮೇಲೆ ಓಡುವ ಚಿತ್ರವನ್ನಷ್ಟೇ ವಿಡಿಯೋ ಮಾಡಿ ಕಳಿಸಿ, ಹೆಸರು ಬೇಡ. ಎಷ್ಟು ಹೊತ್ತು ಹಿಡಿಯಿತು, ಸೂಜಿಯನ್ನು ಎಷ್ಟು ಸಲ ತಿರುಗಿಸಿದಿರಿ, ಚಿತ್ರ ಅಲುಗಾಡಿತೇ ಎಂದು ನೋಡಿ ನಾವು ಮೂವರು ಅಂಕ ಹಾಕುತ್ತೇವೆ. ಒಬ್ಬರೇ ಮಾಡಿದ್ದನ್ನು ಮಾತ್ರ ಕಳಿಸಬೇಕು. ಒಬ್ಬರು ಪ್ರೋಬ್ ಹಿಡಿದು ಇನ್ನೊಬ್ಬರು ಸೂಜಿ ಹಾಕಿದ್ದಾದರೆ ಅಂಕ ಯಾರಿಗೆ ಕೊಡುವುದು?

ನಿಮ್ಮ ಯಜಮಾನರು, ಶೆರ್ಗಾಜಿ ಬೈಕೆ, ಹೇಗಿದ್ದಾರೆ? ಇರುವ ಒಂದೇ ಒಂದು ಶ್ವಾಸಕೋಶಕ್ಕೆ ಸಿಗರೇಟು ಬೇಡವೆಂದು ನಾನು ಹೇಳಿದೆನೆಂದು ಅಣ್ಣನಿಗೆ ಹೇಳಿ.

ನಿಮ್ಮ ತಿಲೆಕ್


ನರಿನ್, ನವೆಂಬರ್ 25

ತಮ್ಮಾ ತಿಲೆಕ್,

ಟೈಪು ಮಾಡಿದ ಕಾಗದ ನೋಡಿ ಹುಬ್ಬೇರಿಸಬೇಡ. ಆಸ್ಪತ್ರೆಗೆ ಹೊಸ ಕಂಪ್ಯೂಟರ್ ಬಂದಿದೆ, ಸುಮ್ಮನೆ ಧೂಳು ತಿನ್ನುವುದೇಕೆಂದು ನಾನೇ ಕೂತಿದ್ದೇನೆ. ಒಂದೊಂದು ಅಕ್ಷರ ಹುಡುಕುವಷ್ಟರಲ್ಲಿ ಚಹಾ ಆರಿಹೋಗುತ್ತದೆ.

ನೀನು ಕೇಳಿದ ಚಿತ್ರಗಳನ್ನು ಬಿಷ್ಕೆಕ್ ವ್ಯಾನಿನ ಡ್ರೈವರ್ ಕೈಯಲ್ಲಿ ಕಳಿಸಿದ್ದೇನೆ. ಎಲ್ಲವೂ ಮುಂಗೈ, ಮಂಡಿ, ಪಾದದವು. ಕತ್ತಿನ ಬಳಿಯದು, ಎದೆಯ ಬಳಿಯದು ಈ ವರ್ಷ ಮಾಡಿಲ್ಲ. ಅಂಥ ರೋಗಿಗಳು ಬರಲಿಲ್ಲ.

ನಿಮ್ಮ ಅಂಕಪಟ್ಟಿಯಲ್ಲಿ ಒಂದು ಸಾಲು ನನಗೆ ಹಿಡಿಸಲಿಲ್ಲ. ರೋಗಿಯ ಮೈಮೇಲೆ ಕೈ ಊರಿದರೆ ಅಂಕ ಕಡಿಮೆಯಂತೆ, ಊರಿದ್ದನ್ನು ನಾವೇ ಬರೆದು ತಿಳಿಸಬೇಕಂತೆ. ಯಾರು ಬರೆದದ್ದು ಅದನ್ನು? ನಾನು ಊರುತ್ತೇನೆ. ಹೆದರಿ ಮಲಗಿದವನಿಗೆ ಸೂಜಿಗಿಂತ ಮೊದಲು ಇನ್ನೊಬ್ಬರ ಅಂಗೈಯ ಬಿಸಿ ತಾಗಬೇಕು. ಬೇಕಾದರೆ ಆ ಅಂಕ ಕಳೆದುಕೋ.

ಬೈಕೆಗೆ ನಿನ್ನ ಮಾತು ಮುಟ್ಟಿಸಿದೆ. “ಮೂವತ್ತು ವರ್ಷ ದೊಲೋನ್ ಘಾಟಿ ರಸ್ತೇಲಿ ಹಿಮ ತೆಗ್ದಿದೀನಿ. ಆ ಹುಡುಗನ ಮಾತಿಗೆ ಹೆದರ್ತೀನಾ?” ಎಂದು ಹೇಳಿ, ಅಂಗಳಕ್ಕೆ ಹೋಗಿ ಸೇದಿ ಬಂದ.

ಬುರುಲ್ಚಾ


ಬಿಷ್ಕೆಕ್, ಜನವರಿ 9

ಎಜೆ, ಎಜೆ, ಎಜೆ!

ನೆನ್ನೆ ಹೆಸರುಗಳನ್ನು ಬಿಚ್ಚಿದೆವು. ಚಿತ್ರಗಳಲ್ಲಿ ಒಂದು ಕಂತೆ ನಮ್ಮ ಮೂವರನ್ನೂ ಬೆರಗುಗೊಳಿಸಿತ್ತು. ಸೂಜಿ ಹಾಕುವಾಗ ಸಾಮಾನ್ಯವಾಗಿ ಚಿತ್ರ ಅತ್ತಿತ್ತ ಜಾರುತ್ತದೆ. ಒಂದು ಕೈ ಸೂಜಿಯ ಮೇಲೆ ಮನಸ್ಸಿಟ್ಟರೆ ಇನ್ನೊಂದು ಕೈ ಪ್ರೋಬನ್ನು ಮರೆಯುತ್ತದೆ. ಇದರಲ್ಲಿ ಮಾತ್ರ ಚಿತ್ರ ಮೇಜಿಗೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಹೊತ್ತು ಹೆಚ್ಚು ಹಿಡಿದಿದೆ, ನಿಜ. ಆದರೆ ಒಮ್ಮೆಯೂ ಸೂಜಿಯ ತುದಿ ಕಣ್ಮರೆಯಾಗಿಲ್ಲ. ಹೆಸರು ಬಿಚ್ಚಿದರೆ ನರಿನ್! ನಮ್ಮ ಎಜೆ! ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದೆ, ಉಳಿದಿಬ್ಬರು ನನ್ನನ್ನು ಹುಚ್ಚನ ಹಾಗೆ ನೋಡಿದರು.

ಮಾರ್ಚ್‌ನಲ್ಲಿ ಎಲ್ಲರೂ ಇಲ್ಲಿ ಸೇರುತ್ತಾರೆ. ನೀವು ಬಂದು, ಎಲ್ಲರ ಎದುರು ಒಂದು ಸಲ ಮಾಡಿ ತೋರಿಸಬೇಕು. ಹೊಸಬರಿಗೆ ನಿಮ್ಮ ಅಡ್ಡದಾರಿಯನ್ನೇ ಕಲಿಸೋಣ. ನನ್ನ ಉದ್ದದಾರಿ ಸೋತಿತು, ಸಂತೋಷವಾಗಿ ಸೋತಿತು.

ತಿಲೆಕ್


ನರಿನ್, ಜನವರಿ 20

ತಮ್ಮಾ,

ಬರಲಾಗುವುದಿಲ್ಲ. ಮಾರ್ಚ್‌ನಲ್ಲಿ ದಾರಿ ಸರಿಯಿರುವುದಿಲ್ಲ. ಬೈಕೆಯ ಕೆಮ್ಮು ಹೆಚ್ಚಾಗಿದೆ. ಇಲ್ಲಿ ಅರಿವಳಿಕೆಗೆ ನನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲ. ಚಪ್ಪಾಳೆಗೆ ನನಗೆ ವಯಸ್ಸಾಯಿತು, ಬೇರೆಯವರನ್ನು ಕರೆ.

ಅಂದಹಾಗೆ ಬೈಕೆ ನಿನಗೊಂದು ದೂರು ಬರೆಯಲು ಹೇಳಿದ್ದಾನೆ. ನೆಂಟರಿಗಾದರೆ ಬಟ್ಟಲಿನ ತಳ ಮುಚ್ಚುವಷ್ಟೇ ಚಹಾ ಸುರಿದು, ಮತ್ತೆ ಮತ್ತೆ ಕೊಟ್ಟು ಕೂರಿಸಿಕೊಳ್ಳುತ್ತೇವಲ್ಲ, ನಾನು ಅವನಿಗೂ ಹಾಗೇ ಸುರಿಯುತ್ತಿದ್ದೇನಂತೆ. “ಏನ್ ಮುದುಕಿ, ಇಷ್ಟು ವರ್ಷ ಸಂಸಾರ ಮಾಡಿದ್ಮೇಲೆ ನಾನು ನೆಂಟ ಆಗ್ಬಿಟ್ನಾ? ಇಷ್ಟೊಂದು ಮರ್ಯಾದೆ ತಡ್ಕೊಳ್ಳೋಕಾಗಲ್ಲ ಕಣೇ” ಎನ್ನುತ್ತಾನೆ. ನಗುತ್ತೇವೆ.

ಬುರುಲ್ಚಾ


ಬಿಷ್ಕೆಕ್, ಫೆಬ್ರುವರಿ 2

ಬುರುಲ್ಚಾ ಎಜೆಯವರಿಗೆ,

ಒಂದು ಮಾತು ಕೇಳುತ್ತೇನೆ, ಕೋಪ ಮಾಡಬೇಡಿ. ನಿಮ್ಮ ದಾರಿ ಬಿಟ್ಟು ನಾನು ಬೇರೆ ದಾರಿ ಹಿಡಿದದ್ದಕ್ಕೆ ಈ ಮುನಿಸೇ? ನಾಲ್ಕು ಸಾಲಿನ ಟೈಪು ಕಾಗದ. ನಿಮ್ಮ ಕೈಬರಹ ನೋಡಿ ವರ್ಷವಾಯಿತು. ಶಿಷ್ಯ ರಾಜಧಾನಿಯಲ್ಲಿ ಕೂತು ಗುರುವಿಗೆ ಅಂಕ ಹಾಕುತ್ತಾನೆ ಎಂದು ನಿಮಗೆ ಅನ್ನಿಸಿರಬಹುದು. ನನಗೂ ಹಾಗನ್ನಿಸಿ ನಾಚಿಕೆಯಾಗಿದೆ. ಆದರೆ ನಿಮ್ಮ ಹೆಸರು ಮೇಲೆ ಬರಲಿ ಎಂದೇ ನಾನು ಇದಕ್ಕೆ ಕೈ ಹಾಕಿದ್ದು. ಅದನ್ನು ನೀವು ಬಾಗಿಲಿನಿಂದಲೇ ವಾಪಸು ಕಳಿಸಿದಿರಿ, ನನಗೆ ನೋವಾಗಿದೆ.

ತಿಲೆಕ್


ನರಿನ್, ಫೆಬ್ರುವರಿ 16

ತಿಲೆಕ್,

ನಿನ್ನ ಕಾಗದಕ್ಕೆ ಉತ್ತರ ಆಮೇಲೆ. ಈಗ ರೋಗಿಯ ವಿಷಯ, ಅದಕ್ಕೇ ಬರೆದು ಇವತ್ತಿನ ವ್ಯಾನಿನಲ್ಲೇ ಕಳಿಸುತ್ತಿದ್ದೇನೆ.

ರೋಗಿ ಶೆರ್ಗಾಜಿ. ನೆನ್ನೆ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಬಲಮೊಣಕೈ ನುಚ್ಚುನೂರಾಗಿದೆ. ಚೂರೊಂದು ರಕ್ತನಾಳಕ್ಕೆ ಒತ್ತಿಕೊಂಡಂತಿದೆ, ಸದ್ಯಕ್ಕೆ ಬೆರಳು ಬಿಸಿಯಾಗಿವೆ. ಬಾವು ಇಳಿದ ಮೇಲೆ, ಐದಾರು ದಿನದಲ್ಲಿ ಕೂರಿಸಲೇಬೇಕು, ಇಲ್ಲವಾದರೆ ಕೈ ಉಳಿಯುವುದಿಲ್ಲ ಎಂದು ನಮ್ಮ ಶಸ್ತ್ರವೈದ್ಯ ದುಯ್ಷೋನ್ ಹೇಳಿದ್ದಾನೆ. ಬಿಷ್ಕೆಕ್‌ಗೆ ಕರೆತರಲಾರೆ. ದೊಲೋನ್ ಘಾಟಿಯ ಮೇಲಿನ ತೆಳುಗಾಳಿಯಲ್ಲಿ ಅವನ ಉಸಿರು ಸಾಲದು.

ಹರೆಯದಲ್ಲಿ ಕ್ಷಯ ಬಂದು ಎಡ ಶ್ವಾಸಕೋಶ ತೆಗೆದದ್ದು ನಿನಗೆ ಗೊತ್ತು. ಬಲದ್ದೊಂದೇ ಇರುವುದು. ಪೂರ್ತಿ ನಿದ್ದೆ ಬರಿಸಿ ಯಂತ್ರದ ಉಸಿರಿಗೆ ಹಾಕಿದರೆ ಅದು ಮತ್ತೆ ತಾನಾಗಿ ಉಸಿರಾಡೀತೆಂಬ ಭರವಸೆ ನನಗಿಲ್ಲ. ಕೈಯನ್ನು ಮಾತ್ರ ಮರಗಟ್ಟಿಸಬೇಕು. ಕತ್ತಿನ ಬಳಿ ಮದ್ದು ಹಾಕಿದರೆ ಆ ಬದಿಯ ಉಸಿರಿನ ಸ್ನಾಯುವೂ ಜೊತೆಗೆ ಮಲಗೀತು, ಅವನಿಗೆ ಇನ್ನೊಂದು ಬದಿಯ ಆಸರೆಯಿಲ್ಲ. ಕಂಕುಳಲ್ಲಿ ಹಾಕೋಣವೆಂದರೆ ತೋಳನ್ನು ಎತ್ತಿ ಅಗಲಿಸಬೇಕು, ದುಯ್ಷೋನ್ ಮುಟ್ಟಲೂ ಬಿಡುವುದಿಲ್ಲ. ಉಳಿದದ್ದು ಕೊರಳೆಲುಬಿನ ಕೆಳಗಿನ ದಾರಿ. ನರಗಳು ಅಲ್ಲಿ ಆಳದಲ್ಲಿವೆ, ಅವುಗಳಿಂದ ಬೆರಳಗಲ ಆಚೆ ಅವನ ಶ್ವಾಸಕೋಶ.

ಅಲ್ಲಿಗೆ ನಿನ್ನ ಉದ್ದದಾರಿಯೇ ಸರಿ. ಸೂಜಿ ಪೂರ್ತಿ ಕಾಣಬೇಕು. ನೀನು ಬಂದು ಮಾಡು.

ಬುರುಲ್ಚಾ


ಬಿಷ್ಕೆಕ್, ಫೆಬ್ರುವರಿ 17

ಎಜೆ,

ಎರಡು ಸಲ ಓದಿದೆ. ನೀವು ಯೋಚಿಸಿದ ದಾರಿ ಸರಿಯಾಗಿದೆ, ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನಾನೇಕೆ? ಚಿತ್ರ ಅಲುಗದ ಕೈ ಈ ದೇಶದಲ್ಲಿ ನಿಮ್ಮದೊಂದೇ ಎಂದು ನಾವೇ ಬರೆದು ಇಟ್ಟಿದ್ದೇವೆ. ಇಲ್ಲಿ ರಜೆ ಸಿಗುವುದು ಕಷ್ಟ, ವರದಿ ಮುಗಿಸಬೇಕು. ಗಂಡ ಎಂಬ ಅಂಜಿಕೆ ಇದ್ದರೆ ಓಶ್‌ನಿಂದ ಯಾರನ್ನಾದರೂ ಕಳಿಸಲು ಕೇಳುತ್ತೇನೆ. ಅಲ್ಲಿನ ಆಸ್ಪತ್ರೆಯ ವೈದ್ಯರ ಕೈ ಒಳ್ಳೆಯದು.

ತಿಲೆಕ್


ನರಿನ್, ಫೆಬ್ರುವರಿ 18

ತಿಲೆಕ್,

ಆ ಚಿತ್ರಗಳು ನನ್ನ ಒಬ್ಬಳ ಕೈಯವಲ್ಲ. ಪ್ರೋಬ್ ಹಿಡಿದದ್ದು ನಮ್ಮ ನರ್ಸ್ ಗುಲ್ಸಾಯ್ರಾ. ನಾನು ಎರಡೂ ಕೈಯಲ್ಲಿ ಸೂಜಿ ಹಿಡಿದಿದ್ದೆ.

ಕಳೆದ ವರ್ಷದ ಹುಲ್ಲು ಕೊಯ್ಲಿನ ಹೊತ್ತಿಗೆ ಬಲಗೈ ನಡುಗಲು ಶುರುವಾಯಿತು. ಏನಾದರೂ ಹಿಡಿದರೆ ಹೆಚ್ಚು, ಎಲ್ಲಾದರೂ ಗಟ್ಟಿಯಾಗಿ ಊರಿದರೆ ಕಡಿಮೆ. ಪೆನ್ನು ಹಿಡಿಯಲಾರೆ, ಅದಕ್ಕೇ ಟೈಪು. ಶ್ವಾಸಕೋಶದ ಹತ್ತಿರದ ರೋಗಿಗಳು ಬರಲಿಲ್ಲವೆಂದದ್ದು ಸುಳ್ಳು. ಬಂದರು, ನಾನು ಸೂಜಿ ಹಾಕದೆ ಪೂರ್ತಿ ನಿದ್ದೆ ಬರಿಸಿದೆ. ಒಬ್ಬರೇ ಮಾಡಿದ್ದನ್ನು ಕಳಿಸಿ ಎಂದು ನೀನು ಸ್ಪಷ್ಟವಾಗಿ ಬರೆದಿದ್ದೆ. ಗೊತ್ತಿದ್ದೇ ಕಳಿಸಿದೆ. ನೀನು ಹೊಗಳಿದ ಕಾಗದವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ, ನಾಚಿಕೆಯಿಂದ ಹೇಳುತ್ತೇನೆ. ಇನ್ನೊಬ್ಬ ಅರಿವಳಿಕೆ ವೈದ್ಯರು ಬರುವವರೆಗೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಯಾರೂ ಬರಲಿಲ್ಲ, ನಾನೂ ಹೇಳಲಿಲ್ಲ.

ನಡುಗುವ ಸೂಜಿಯನ್ನು ಅವನ ಉಸಿರಿನ ಪಕ್ಕ ಒಯ್ಯಲಾರೆ. ಓಶ್‌ನವರ ಕೈ ನಾನು ನೋಡಿಲ್ಲ. ನಿನ್ನ ಕೈಯನ್ನು ನಾನೇ ತಿದ್ದಿದ್ದೇನೆ. ನನ್ನ ಮೇಲೆ ಸಿಟ್ಟಿದ್ದರೆ ಆಮೇಲೆ ತೀರಿಸಿಕೋ. ಅವನು ಇಲ್ಲದ ಮನೆಯಲ್ಲಿ ನಾನು ಇರಲಾರೆ ತಿಲೆಕ್.

ಬುರುಲ್ಚಾ


ಬಿಷ್ಕೆಕ್, ಫೆಬ್ರುವರಿ 19

ಎಜೆ,

ಈ ಕಾಗದ ಇವತ್ತು ಮಧ್ಯಾಹ್ನದ ವ್ಯಾನಿನಲ್ಲಿ ಬರುತ್ತದೆ, ನಾನು ನಾಳೆ ಬೆಳಗಿನ ವ್ಯಾನಿನಲ್ಲಿ. ನನ್ನ ಮುಖ ನೋಡುವ ಮೊದಲು ನೀವು ಇದನ್ನು ಓದಿರಬೇಕು.

ನಾನು ಸೆಪ್ಟೆಂಬರಿನಿಂದ ಸೂಜಿ ಮುಟ್ಟಿಲ್ಲ.

ಮಾರುಕಟ್ಟೆಯಲ್ಲಿ ರೊಟ್ಟಿ ಮಾರುವ ಒಬ್ಬ ಹೆಂಗಸು, ಇದೇ ಕೊರಳೆಲುಬಿನ ಕೆಳಗಿನ ದಾರಿ. ಸುತ್ತ ಕಲಿಯುವವರು ನಿಂತಿದ್ದರು. ಎಷ್ಟು ಬೇಗ ಮಾಡುತ್ತೇನೆ ನೋಡಿ ಎಂಬ ಗರ್ವ ನನಗೆ. ಪ್ರೋಬ್ ಕೂದಲೆಳೆಯಷ್ಟು ಜಾರಿತು, ತುದಿ ಮಾಯವಾಯಿತು. ನಿಲ್ಲಿಸಬೇಕಿತ್ತು. ಅವರೆಲ್ಲ ನೋಡುತ್ತಿದ್ದಾರೆಂದು ಮುಂದೊತ್ತಿದೆ. ಶ್ವಾಸಕೋಶಕ್ಕೆ ತೂತು ಬಿತ್ತು. ಪಕ್ಕೆಯಲ್ಲಿ ಕೊಳವೆ ಹಾಕಿಸಿಕೊಂಡು ವಾರ ಮಲಗಿದ್ದಳು. ಬದುಕಿದಳು. ಮನೆಗೆ ಹೋದ ಮೇಲೆ ಒಂದು ದಿನ ಬಿಸಿ ರೊಟ್ಟಿ ತಂದುಕೊಟ್ಟು, “ನೀವು ದಿನಾ ಬಂದು ನೋಡ್ಕೊಂಡ್ರಿ, ನಿಮ್ಮ ಋಣ ದೊಡ್ಡದು” ಎಂದಳು. ಆ ರೊಟ್ಟಿಯನ್ನು ನರ್ಸುಗಳ ಮೇಜಿನ ಮೇಲಿಟ್ಟು ಬಂದೆ. ಮಾರನೆಯ ದಿನದಿಂದ ಸೂಜಿ ಹಿಡಿದರೆ ಬೆವರು. ಅದಕ್ಕೇ ಹೋಲಿಕೆಯ ಕೆಲಸವನ್ನು ಕೇಳಿ ಪಡೆದೆ. ಬೇರೆಯವರ ಸೂಜಿಗೆ ಅಂಕ ಹಾಕುತ್ತ ಕೂತವನಿಗೆ ಯಾರೂ ಸೂಜಿ ಹಿಡಿ ಅನ್ನುವುದಿಲ್ಲವಲ್ಲ.

ಇಷ್ಟು ತಿಳಿದ ಮೇಲೂ ನಾನೇ ಬೇಕೆಂದರೆ ಬಾಗಿಲು ತೆಗೆಯಿರಿ. ಬೇಡವೆಂದರೂ ಬೈಕೆಯನ್ನು ನೋಡಿಯಾದರೂ ಹೋಗುತ್ತೇನೆ.

ತಿಲೆಕ್


ಬಿಷ್ಕೆಕ್, ಫೆಬ್ರುವರಿ 27

ಎಜೆ,

ಸುಖವಾಗಿ ತಲುಪಿದೆ. ಬೈಕೆಯ ಬೆರಳು ಬಿಸಿಯಾಗಿವೆಯೇ, ಉಸಿರು ಹೇಗಿದೆ, ಬರೆಯಿರಿ.

ಅವತ್ತು ನೀವು ಬಾಗಿಲು ತೆಗೆದು, ನನ್ನ ಕಾಗದದ ಬಗ್ಗೆ ಒಂದು ಮಾತೂ ಎತ್ತದೆ, “ಪ್ರೋಬ್ ನಾನ್ ಹಿಡೀತೀನಿ. ನೀನು ಸೂಜಿ ಒಂದನ್ನೇ ನೋಡ್ಕೋ” ಅಂದಿರಿ. ಅದನ್ನು ನಾನು ಎಂದೂ ಮರೆಯುವುದಿಲ್ಲ. ಪ್ರೋಬ್ ಹಿಡಿದ ನಿಮ್ಮ ಎರಡೂ ಅಂಗೈ ಬೈಕೆಯ ಎದೆಯ ಮೇಲೆ ಒತ್ತಿ ಕೂತಿದ್ದವು. ಚಿತ್ರ ಅಲುಗಲಿಲ್ಲ. ಕೆಳಗೆ ಅವರ ಶ್ವಾಸಕೋಶ ಬಿಳಿ ಗೆರೆಯಾಗಿ ಹಿಂದೆ ಮುಂದೆ ಜಾರುತ್ತಿತ್ತು. ಅರ್ಧ ದಾರಿಯಲ್ಲಿ ನನ್ನ ಕೈ ನಿಂತಾಗ ನೀವು ತಲೆಯೆತ್ತದೆ ಕೇಳಿದಿರಿ:

“ತುದಿ ಕಾಣ್ತಿದೆಯಾ?”

“ಇಲ್ಲ ಎಜೆ.”

“ಹಾಗಾದ್ರೆ ನಿಲ್ಲು. ನಂಗೇನೂ ಆತುರ ಇಲ್ಲ.”

ಅಷ್ಟರಲ್ಲಿ ಬೈಕೆ, “ನನ್ನೆದೆ ಮೇಲೆ ಕೂತು ಇಬ್ರೂ ಏನ್ರೋ ಪಿಸುಗುಟ್ಟೋದು? ಜೋರಾಗಿ ಮಾತಾಡಿ, ನಂಗೂ ಕೇಳ್ಸಲಿ” ಎಂದರು. ನಗು ಬಂತು. ನಗು ಮುಗಿದಾಗ ತುದಿ ಕಂಡಿತು. ಸೆಪ್ಟೆಂಬರಿನಲ್ಲಿ “ನಿಲ್ಲು” ಅನ್ನುವವರು ಒಬ್ಬರು ಪಕ್ಕದಲ್ಲಿದ್ದಿದ್ದರೆ ಎಂದು ಅನ್ನಿಸಿ ಕಣ್ಣು ಮಂಜಾಯಿತು, ಅದಕ್ಕೇ ಮದ್ದು ತಳ್ಳುವಾಗ ಸ್ವಲ್ಪ ತಡವಾದದ್ದು.

ನೀವು ಹೇಳಿದಂತೆ ನರಿನ್‌ನ ಅಂಕಗಳನ್ನು ಪಟ್ಟಿಯಿಂದ ತೆಗೆದೆ, ಕಾರಣವನ್ನೂ ಹೇಳಿದೆ. ಉಳಿದಿಬ್ಬರಲ್ಲಿ ಒಬ್ಬರು, “ಅಂದ್ರೆ ಆಕೆ ನಮಗೆ ಮೋಸ ಮಾಡಿದ್ರು ಅನ್ನಿ” ಎಂದರು. ಹೌದು, ಮಾಡಿದರು ಎಂದೆ. ನಿಮ್ಮ ಪರವಾಗಿ ಸುಳ್ಳು ಹೇಳಿದರೆ ನೀವು ಒಪ್ಪುವುದಿಲ್ಲ. ಆಮೇಲೆ ನನ್ನ ಸೆಪ್ಟೆಂಬರಿನ ಕಥೆಯನ್ನೂ ಅವರ ಎದುರಿಗಿಟ್ಟೆ. ಉದ್ದದಾರಿ, ಅಡ್ಡದಾರಿ ಎರಡನ್ನೂ ಹೋಲಿಸಿದ್ದೇವೆ, ಒಬ್ಬರ ಕೈಯನ್ನೂ ಇಬ್ಬರ ಕೈಯನ್ನೂ ಹೋಲಿಸಿಯೇ ಇಲ್ಲ, ಅದನ್ನು ಮಾಡದೆ ವರದಿಗೆ ಸಹಿ ಹಾಕುವುದಿಲ್ಲ ಎಂದೆ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಇಲ್ಲಿಯವರಿಗೆ ಅದು ಕೈಲಾಗದವರ ಪದ್ಧತಿ.

ಸೋಮವಾರ ಒಬ್ಬ ಅಜ್ಜನ ಮಣಿಕಟ್ಟಿಗೆ ಸೂಜಿ ಹಾಕಿದೆ. ಬೆವರಿದೆ. ಪ್ರೋಬ್ ಹಿಡಿಯಲು ಒಬ್ಬರನ್ನು ಕರೆದುಕೊಂಡೆ.

ನಿಮ್ಮ ತಿಲೆಕ್


ನರಿನ್, ಮಾರ್ಚ್ 8

ನನ್ನ ತಿಲೆಕ್,

ಕೈಯಲ್ಲೇ ಬರೆಯುತ್ತಿದ್ದೇನೆ. ಒಂದು ಕಾಗದಕ್ಕೆ ಮೂರು ದಿನ ಹಿಡಿದಿದೆ. ಓದಲಾಗದಿದ್ದರೆ ಕೇಳು, ಮತ್ತೆ ಬರೆಯುತ್ತೇನೆ. ಇನ್ನು ಟೈಪು ಇಲ್ಲ.

ಬೈಕೆಯ ಬೆರಳು ಬಿಸಿಯಾಗಿವೆ. ಉಸಿರು ಹಳೆಯದೇ, ಕೆಮ್ಮೂ ಹಳೆಯದೇ, ಸಿಗರೇಟು ಬಿಟ್ಟಿದ್ದೇನೆಂಬ ಸುಳ್ಳೂ ಹಳೆಯದೇ.

ಮೋಸ ಮಾಡಿದರೆಂದು ನೀನು ಹೇಳಿದ್ದು ಸರಿ. ಓದಿ ಅತ್ತೆ, ಆದರೂ ಸರಿ. ಮೇಲಿನವರಿಗೆ ನಾನೇ ಬರೆದುಕೊಟ್ಟಿದ್ದೇನೆ. ಈ ತಿಂಗಳ ಒಂದನೇ ತಾರೀಖಿನಿಂದ ಸೂಜಿ ನನ್ನದಲ್ಲ. ಏಪ್ರಿಲ್‌ನಲ್ಲಿ ಅರಿವಳಿಕೆಗೆ ಒಬ್ಬ ಹುಡುಗಿಯನ್ನು ಕಳಿಸುತ್ತಾರಂತೆ. ಅವಳಿಗೆ ಪ್ರೋಬ್ ಹಿಡಿದು ಪಕ್ಕದಲ್ಲಿ ನಿಲ್ಲಬಹುದೇ ಎಂದು ಕೇಳಿದ್ದೇನೆ. ಇಷ್ಟು ವರ್ಷ ಹಿಡಿದ ಸೂಜಿ ಬಿಡುವುದು ಸುಲಭವಲ್ಲ ತಮ್ಮಾ. ಮೊನ್ನೆ ಸೂಜಿಯ ತಟ್ಟೆಯನ್ನು ಗುಲ್ಸಾಯ್ರಾ ಕೈಗೆ ಕೊಟ್ಟು, ಔಷಧಿ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಿಂತಿದ್ದೆ.

ನೀನು ನೋಡದ ಒಂದು ಸಂಗತಿ ಹೇಳಬೇಕು. ನೀನು ಹೊರಡುವ ಮುಂಚೆ ಅವನು ಮಂಚದ ಮೇಲೆ ಕೂತು ನಿನ್ನನ್ನು ಹರಸಿದನಲ್ಲ, ಆಗ ನೀನು ತಲೆ ತಗ್ಗಿಸಿದ್ದೆ. ಮದ್ದಿನ ಗುಂಗು ಇಳಿಯದೆ ಅವನ ಬಲಗೈ ಇನ್ನೂ ಸತ್ತಂತೆ ಬಿದ್ದಿತ್ತು. ಎಡ ಅಂಗೈ ಒಂದನ್ನೇ ತೆರೆದು, “ಒಂದು ಕೈಯಲ್ಲಿ ಹರಸ್ತಾರೇನೇ? ಇದನ್ನ ಎತ್ತಿ ಹಿಡಿ ಮುದುಕಿ” ಎಂದ. ನಾನು ಎತ್ತಿ ಹಿಡಿದೆ. ನನ್ನ ನಡುಕ ಅವನ ಕೈಗೆ ಹತ್ತಿತು, ಬೆರಳುಗಳೆಲ್ಲ ಅದುರಿದವು. ಬಾಗಿಲಲ್ಲಿದ್ದ ದುಯ್ಷೋನ್ ನೋಡಿ, “ಏನ್ ಬೈಕೆ, ಕೈ ಹಿಂಗ್ ನಡುಗ್ತಿದೆ?” ಎಂದು ಗಾಬರಿಯಾದ. ಬೈಕೆ ನನ್ನ ಮುಖ ನೋಡಲಿಲ್ಲ. “ನಂದೇ ಕಣೋ ನಡುಕ. ವಯಸ್ಸಾಯ್ತಲ್ಲ” ಎಂದ. ಮರಗಟ್ಟಿದ ಕೈ ನಡುಗುವುದಿಲ್ಲವೆಂದು ಅವನಿಗೆ ಗೊತ್ತಿಲ್ಲದೇ ಇರಬಹುದು. ನನ್ನ ಕೈಯ ವಿಷಯ ಮಾತ್ರ ಗೊತ್ತಿತ್ತು. ಎಂದಿನಿಂದಲೋ ಗೊತ್ತಿತ್ತು. ನಾನು ತಳ ಮುಚ್ಚುವಷ್ಟೇ ಸುರಿಯುತ್ತಿದ್ದ ಚಹಾದ ಬಗ್ಗೆ ಅಷ್ಟು ದಿನ ತಮಾಷೆ ಮಾಡಿದ್ದು, ನಾನಾಗಿ ಹೇಳಲಿ ಎಂದು.

ಮನೆಗೆ ಬಂದ ಸಂಜೆ ನಾನೇ ಚಹಾ ಸುರಿದೆ. ಬಟ್ಟಲು ತುಂಬುವವರೆಗೂ ಸುರಿದೆ. ಅವನೆದುರು ಇಡುವಷ್ಟರಲ್ಲಿ ಅರ್ಧ ಮೇಜುಬಟ್ಟೆಯ ಮೇಲೆ ಚೆಲ್ಲಿತು, ಅವನ ತೊಡೆಗೂ ತಾಗಿತು. ಒರೆಸಲು ಹೋದೆ, ಬೇಡವೆಂದು ಕೈ ಹಿಡಿದುಕೊಂಡ. ಉಳಿದದ್ದನ್ನು ಎಡಗೈಯಲ್ಲಿ ಎತ್ತಿ ನಿಧಾನವಾಗಿ ಕುಡಿದು, ಬಟ್ಟಲನ್ನು ಕೆಳಗಿಟ್ಟ.

“ಅಬ್ಬ, ಇವತ್ತು ಮತ್ತೆ ಮನೆಯವನಾದೆ” ಎಂದ.

ನಿನ್ನ ಬುರುಲ್ಚಾ ಎಜೆ